ಅವ್ವನ ಜೊತೆ ಕೂತು ‘ಡಿಬ್ಬುಕ್’ ನೋಡಿದ್ದು

1937ರಲ್ಲಿ ಪೋಲೆಂಡಿನಲ್ಲಿ ತೆಗೆದ ಒಂದು ದೆವ್ವದ ಸಿನಿಮಾ ಇದೆ. ಹೆಸರು ‘ಡಿಬ್ಬುಕ್’. ಕಪ್ಪು ಬಿಳುಪು. ಮಾತೆಲ್ಲ ಯಿಡ್ಡಿಷ್. ಪೂರ್ವ ಯುರೋಪಿನ ಯಹೂದಿಗಳು ಮನೆಯಲ್ಲೂ ಸಂತೆಯಲ್ಲೂ ಆಡುತ್ತಿದ್ದ ಭಾಷೆ ಅದು. ನಮ್ಮ ಕಡೆ ಇದರ ಹೆಸರು ಕೇಳಿದವರು ಕಡಿಮೆ. ನಾನು ನೋಡಿರುವ ದೆವ್ವದ ಸಿನಿಮಾಗಳಲ್ಲೆಲ್ಲ ಇದೇ ದೊಡ್ಡದು ಅಂತ ಈಗ ನನಗೆ ಅನುಮಾನವೇ ಇಲ್ಲ. ಯಾಕೆ ಅಂದ್ರೆ ಇದರಲ್ಲಿ ದೆವ್ವಕ್ಕೆ ಒಂದು ದೂರು ಇದೆ. ಆ ದೂರನ್ನು ಜನ ಕೂತು ಕೇಳುತ್ತಾರೆ.

ಮೊದಲು ನೋಡಿದ್ದು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ. ಆಗ ಮೈಸೂರಲ್ಲಿ ಸಿನಿಮಾ ಹುಚ್ಚಿನ ಒಂದಷ್ಟು ಜನ ಸೇರಿಕೊಂಡು, ಎಲ್ಲಿಂದಲೋ ಕ್ಯಾಸೆಟ್ ತರಿಸಿ, ಒಂದು ಟಿವಿ ಇಟ್ಟು ಹಳೇ ಸಿನಿಮಾ ತೋರಿಸೋರು. ಆ ಕ್ಯಾಸೆಟ್ ಸವೆದು ಹೋಗಿತ್ತು. ಚಿತ್ರ ಅಲ್ಲಾಡೋದು, ದನಿ ಒಡೆಯೋದು. ಸಬ್‌ಟೈಟಲ್ ಬಿಳಿ ಅಕ್ಷರದಲ್ಲಿ. ತೆರೆ ಮೇಲೆ ಬಿಳಿ ಗಡ್ಡದ ಮುದುಕರೇ ಜಾಸ್ತಿ ಇದ್ದದ್ದರಿಂದ ಅರ್ಧ ಸಾಲು ಗಡ್ಡದಲ್ಲೇ ಮುಚ್ಚಿ ಹೋಗೋದು. ಕತೆ ಪೂರ್ತಿ ತಿಳಿಯಲಿಲ್ಲ. ಒಂದೇ ಒಂದು ದೃಶ್ಯ ಮಾತ್ರ ತಲೆಯಲ್ಲಿ ಉಳಿಯಿತು. ಮದುಮಗಳೊಬ್ಬಳು ತಲೆಬುರುಡೆ ಮುಖವಾಡದ ಜೊತೆ ಕುಣಿಯುತ್ತಾಳೆ. ಆಮೇಲೆ ಕೆಲಸ, ಮದುವೆ, ಮಂಡ್ಯ-ಮೈಸೂರು ರೈಲು ಓಡಾಟ. ಸಿನಿಮಾದ ಹೆಸರೂ ಮರೆತು ಹೋಯಿತು. ಆ ಕುಣಿತ ಮಾತ್ರ ಹೋಗಲಿಲ್ಲ.

ಮತ್ತೆ ಸಿಕ್ಕಿದ್ದು ಜಾನಪದದ ದಾರಿಯಲ್ಲಿ. ನಾನು ಪಾಠ ಮಾಡೋದು ಪಿಯು ಮಕ್ಕಳಿಗೆ ಕನ್ನಡ. ಮಕ್ಕಳಿಗೆ ಜೀ.ಶಂ. ಪರಮಶಿವಯ್ಯನವರ ಬಗ್ಗೆ, ಎಚ್.ಎಲ್. ನಾಗೇಗೌಡರ ಬಗ್ಗೆ ಹೇಳುವಾಗ ನನಗೆ ಒಂದು ಹೆಮ್ಮೆ. ಇಬ್ಬರೂ ನಮ್ಮ ನಾಗಮಂಗಲ ಸೀಮೆಯವರು. ಊರೂರು ಅಲೆದು, ಹಾಡು ಕತೆ ಕೇಳಿ, ಬರೆದಿಟ್ಟವರು. ಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ಈ ಜನ ಹೊತ್ತು ತಂದ ಭಾರ ನೆನೆದು ಕೈ ಮುಗಿಯಬೇಕು ಅನ್ನಿಸುತ್ತೆ. ಬೇರೆ ದೇಶಗಳಲ್ಲಿ ಇಂಥ ಕೆಲಸ ಮಾಡಿದವರು ಯಾರು ಅಂತ ಹುಡುಕಿ ಓದುತ್ತಿದ್ದೆ. ಅಲ್ಲಿ ಒಂದು ಹೆಸರು ಸಿಕ್ಕಿತು, ಎಸ್. ಅನ್‌ಸ್ಕಿ. ಅವರ ಬಗ್ಗೆ ಇದ್ದ ಬರಹದ ನಡುವೆ ಒಂದು ಫೋಟೋ. ಬಿಳಿ ಬಟ್ಟೆ, ತಲೆಬುರುಡೆ ಮುಖವಾಡ. ಇಷ್ಟು ವರ್ಷದ ಮೇಲೆ ಅದೇ ಮುಖ. ಕೆಳಗೆ ಸಿನಿಮಾದ ಹೆಸರಿತ್ತು.

ಅನ್‌ಸ್ಕಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಹುಟ್ಟಿದ್ದು 1863ರಲ್ಲಿ, ರಷ್ಯನ್ ಸಾಮ್ರಾಜ್ಯದಲ್ಲಿ. ನಿಜವಾದ ಹೆಸರು ಶ್ಲೊಯ್ಮೆ ಜಾನ್ವಿಲ್ ರಪಪೋರ್ಟ್. 1912ರಿಂದ 1914ರವರೆಗೆ ಒಂದು ತಂಡ ಕಟ್ಟಿಕೊಂಡು ವೊಲ್ಹೀನಿಯಾ, ಪೊಡೋಲಿಯಾ ಅನ್ನುವ ಪ್ರಾಂತ್ಯಗಳ ಸಣ್ಣ ಸಣ್ಣ ಯಹೂದಿ ಊರುಗಳನ್ನು ಸುತ್ತಿದರು. ಇವೆಲ್ಲ ಈಗ ಉಕ್ರೇನಿನಲ್ಲಿವೆ. ಜೊತೆಗೆ ಕ್ಯಾಮೆರಾ, ಮೇಣದ ಸಿಲಿಂಡರ್ ಮೇಲೆ ದನಿ ಹಿಡಿಯುವ ಯಂತ್ರ. ಅಜ್ಜಿಯರ ಹರಕೆ, ಸೂಲಗಿತ್ತಿಯರ ಮಂತ್ರ, ಹಾಡು, ದೆವ್ವದ ಕತೆ, ಎಲ್ಲ ಸೇರಿಸಿದರು. 1914ರಲ್ಲಿ ಯಿಡ್ಡಿಷ್‌ನಲ್ಲಿ ಒಂದು ಪ್ರಶ್ನೆಗಳ ಪುಸ್ತಕ ತಂದರು. ಅದರಲ್ಲಿ 2,087 ಪ್ರಶ್ನೆಗಳಿವೆ. ಮಗು ತಾಯಿಯ ಹೊಟ್ಟೆಯಲ್ಲಿರುವಾಗ ಶುರುವಾಗಿ, ಸತ್ತ ಮೇಲೆ ಜೀವ ಏನಾಗುತ್ತೆ ಅನ್ನುವವರೆಗೂ ಕೇಳುತ್ತಾ ಹೋಗುತ್ತೆ. ಮೊದಲ ಮಹಾಯುದ್ಧ ಬಂತು, ಕೆಲಸ ನಿಂತಿತು. ಆ ಓಡಾಟದಲ್ಲಿ ಕೇಳಿದ್ದೆಲ್ಲ ಒಳಗೆ ಕೂತು ಒಂದು ನಾಟಕವಾಯಿತು. ಅದೇ ‘ಡಿಬ್ಬುಕ್’.

ಅನ್‌ಸ್ಕಿ ತಮ್ಮ ನಾಟಕ ರಂಗದ ಮೇಲೆ ಬಂದದ್ದನ್ನು ನೋಡಲೇ ಇಲ್ಲ. 1920ರ ನವೆಂಬರಿನಲ್ಲಿ ತೀರಿಕೊಂಡರು. ಯಹೂದಿಗಳಲ್ಲಿ ಸಾವಾದ ಮೇಲೆ ಮೂವತ್ತು ದಿನದ ಸೂತಕ ಇದೆ. ಆ ಮೂವತ್ತು ದಿನ ಮುಗಿಯುವ ಹೊತ್ತಿಗೆ ವಿಲ್ನಾ ತಂಡ ಅನ್ನುವ ಯಿಡ್ಡಿಷ್ ನಾಟಕ ಕಂಪನಿ ವಾರ್ಸಾದಲ್ಲಿ ನಾಟಕ ಆಡಿತು. ಊರೆಲ್ಲ ಮುಗಿಬಿದ್ದು ನೋಡಿದರು.

ಸಿನಿಮಾ ನೋಡುವ ದಿನ ಅವ್ವ ಮೈಸೂರಿಗೆ ಬಂದಿದ್ದಳು. ನಮ್ಮೂರು ಪಾಂಡವಪುರದ ಹತ್ತಿರ. ಅವರೆಕಾಯಿ ಕಾಲ. ಊರಿಂದ ಒಂದು ಚೀಲ ಹೊತ್ತು ತಂದಿದ್ದಳು. ಸರಸ್ವತಿಪುರಂ ಮನೆಯ ಪಡಸಾಲೆಯಲ್ಲಿ ನೆನೆಸಿದ ಕಾಳು ಮುಂದಿಟ್ಟುಕೊಂಡು ಹಿದುಕುತ್ತಾ ಕೂತಿದ್ದಳು. ನಾನು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದೆ. ಅವ್ವನಿಗೆ ಇಂಗ್ಲಿಷ್ ಬರೋದಿಲ್ಲ. ಸಬ್‌ಟೈಟಲ್ ಬಂದ ಹಾಗೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸುಮ್ನೆ ಕೂತಿರೋದು ಬೇಡ ಅಂತ ಶುರು ಮಾಡಿದ್ದು. ಕೊನೆಗೆ ಈ ಸಿನಿಮಾ ನನಗೆ ಅರ್ಥವಾದದ್ದೇ ಅವ್ವ ಕೇಳಿದ ಪ್ರಶ್ನೆಗಳಿಂದ.

ಕತೆ ಶುರುವಾಗೋದು ಒಂದು ಮಾತಿನಿಂದ. ಸೆಂಡರ್, ನಿಸ್ಸನ್ ಇಬ್ಬರು ಸ್ನೇಹಿತರು. ಬೇರೆ ಬೇರೆ ಊರು. ಹಬ್ಬಕ್ಕೆ ಮಾತ್ರ ತಮ್ಮ ಗುರುವಿನ ಮನೆಯಲ್ಲಿ ಸೇರೋದು. ಅವರು ಗುರುವನ್ನ ರೆಬ್ಬೆ ಅಂತಾರೆ. ಇಬ್ಬರ ಹೆಂಡತಿಯರೂ ಬಸುರಿ. ಒಬ್ಬರಿಗೆ ಗಂಡು, ಒಬ್ಬರಿಗೆ ಹೆಣ್ಣು ಹುಟ್ಟಿದರೆ ಮದುವೆ ಮಾಡೋಣ ಅಂತ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಕೊಳ್ಳುತ್ತಾರೆ. ಅಲ್ಲಿಗೆ ಒಬ್ಬ ದಾರಿಹೋಕ ಬರುತ್ತಾನೆ. ಕೈಯಲ್ಲಿ ಕೋಲು, ಉದ್ದ ಗಡ್ಡ. ಇನ್ನೂ ಹುಟ್ಟದ ಜೀವಗಳ ಮೇಲೆ ಮಾತು ಕೊಡಬಾರದು ಅಂತ ಎಚ್ಚರಿಸುತ್ತಾನೆ. ಅವನನ್ನ ‘ಸಂದೇಶ ತರುವವನು’ ಅಂತ ಮಾತ್ರ ಕರೀತಾರೆ. ಸಿನಿಮಾ ಉದ್ದಕ್ಕೂ ಬೇಕಾದ ಹೊತ್ತಿಗೆ ಬಂದು ನಿಲ್ಲುತ್ತಾನೆ, ಗಾಳಿಯಲ್ಲಿ ಕರಗಿ ಹೋಗುತ್ತಾನೆ.

ಅವ್ವ ಹಿದುಕೋದು ನಿಲ್ಲಿಸಿದಳು. “ಆವಯ್ಯ ಯಾರು? ಅವ್ನು ಬಂದಾಗ್ಲೆಲ್ಲ ಏನೋ ಆಯ್ತದೆ ಕಣ್ಮಗ.”

ನಿಸ್ಸನ್ ಊರಿಗೆ ವಾಪಸ್ ಹೋಗುವಾಗ ಬಿರುಗಾಳಿಗೆ ಸಿಕ್ಕಿ ಸಾಯುತ್ತಾನೆ. ಅವನ ಮಗ ಖೊನೊನ್. ಇತ್ತ ಸೆಂಡರ್‌ನ ಹೆಂಡತಿ ಹೆರಿಗೆಯಲ್ಲಿ ಹೋಗುತ್ತಾಳೆ. ಮಗಳು ಲೇಯಾ ಉಳಿಯುತ್ತಾಳೆ. ಸೆಂಡರ್ ದುಡ್ಡು ಮಾಡುತ್ತಾನೆ. ಮಾತು ಮರೆಯುತ್ತಾನೆ. ಹುಡುಗ ದೊಡ್ಡವನಾಗಿ ಓದೋಕೆ ಅದೇ ಊರಿಗೆ ಬರುತ್ತಾನೆ. ಇವನು ಯಾರ ಮಗ ಅಂತ ಸೆಂಡರ್‌ಗೆ ಗೊತ್ತಿಲ್ಲ. ಅವನ ಮನೆಯಲ್ಲೇ ಊಟ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಬಿಟ್ಟಿರಲಾರದಷ್ಟು ಹತ್ತಿರವಾಗುತ್ತಾರೆ. ಅಪ್ಪನಿಗೆ ಬೇಕಾಗಿರೋದು ಸಾಹುಕಾರರ ಮನೆ ಸಂಬಂಧ.

ಇಲ್ಲಿಗೆ ಬರುವ ಹೊತ್ತಿಗೆ ಅವ್ವ ಸೆಂಡರ್ ಮೇಲೆ ತೀರ್ಪು ಕೊಟ್ಟಾಗಿತ್ತು. “ಮಾತ್ ಕೊಟ್ಮೇಲೆ ಕೊಟ್ಟಂಗೆ. ಗೊತ್ತಿರ್ನಿಲ್ಲ ಅಂದ್ರೆ ಆಯ್ತದಾ? ಗೆಣಕಾರ ಸತ್ತೋದ ಅಂತ ಗೊತ್ತಾದ್ಮೇಲೆ ಅವ್ನ ಮಗ ಎಲ್ಲವ್ನೆ ಅಂತ ಉಡುಕ್ಬೇಕಾಗಿತ್ತು ಇವ್ನು.”

ಅವ್ವನಿಗೆ ಇದು ಸಿನಿಮಾ ಕತೆ ಆಗಿರಲಿಲ್ಲ. ನಮ್ಮ ದೊಡ್ಡವ್ವನ ಕತೆ ಇದು. ನಮ್ಮ ಕಡೆ ಅಕ್ಕನ ಮಗಳು, ಸೋದರತ್ತೆ ಮಗ ಅಂತ ಸಂಬಂಧದೊಳಗೇ ಮದುವೆ ನಡೆಯೋದು ಹಳೇ ರೂಢಿ. ತೊಟ್ಟಿಲಲ್ಲಿರೋ ಕೂಸನ್ನ ನೋಡಿ “ಇದು ನಮ್ಮನೆ ಸೊಸೆ” ಅಂತ ಹೇಳಿಬಿಡೋರು. ದೊಡ್ಡವ್ವನಿಗೂ ಹಾಗೇ ಸೋದರತ್ತೆ ಮಗನ ಜೊತೆ ಮಾತಾಗಿತ್ತು. ಆ ಊರಿಗೆ ನಾಲೆ ನೀರು ಇರಲಿಲ್ಲ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಇಲ್ಲ. ಕನ್ನಂಬಾಡಿ ಕಟ್ಟೆ ಆಗಿ, ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ ಮಂಡ್ಯ ಸೀಮೆ ಎರಡು ಭಾಗವಾಯಿತು, ನೀರು ಹತ್ತಿದ ಊರು, ಹತ್ತದ ಊರು. ನೀರು ಹತ್ತಿದ ಊರಲ್ಲಿ ಭತ್ತ ಬಂತು, ಕಬ್ಬು ಬಂತು, 1930ರ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಯಿತು. ಹೆಣ್ಣು ಕೊಡುವಾಗ ಮೊದಲು ಕೇಳೋದೇ ಗದ್ದೆ ಎಷ್ಟು ಅಂತ. ಗದ್ದೆ ಇರುವ ಮನೆಯಿಂದ ಸಂಬಂಧ ಬಂತು, ತಾತ ಹಳೇ ಮಾತು ಬಿಟ್ಟ.

ಆ ಹುಡುಗ ಊರು ಬಿಟ್ಟು ಹೋದ. ಮದುವೆಯಾಗಲಿಲ್ಲ ಅಂತ ಸುದ್ದಿ ಬಂತು, ಆಮೇಲೆ ತೀರಿಕೊಂಡ ಅಂತಲೂ ಬಂತು. ದೊಡ್ಡವ್ವನ ಮೊದಲ ಮಗು ಕಾಯಿಲೆ ಬಿದ್ದಾಗ ಯಾರೂ ಮೊದಲು ಬೇರೆ ಕಾರಣ ಯೋಚಿಸಲಿಲ್ಲ. ತಾತ ಅರಿಶಿನದ ಬಟ್ಟೆಯಲ್ಲಿ ದುಡ್ಡು ಕಟ್ಟಿ ಮನೆದೇವರ ಮುಂದೆ ತಪ್ಪುಕಾಣಿಕೆ ಇಟ್ಟ. ಸೋದರತ್ತೆ ಮನೆಗೆ ಗಾಡಿಯಲ್ಲಿ ಭತ್ತದ ಮೂಟೆ ಹೇರಿಕೊಂಡು ಹೋಗಿ, ಬಾಗಿಲಲ್ಲಿ ನಿಂತು, ತಪ್ಪಾಯ್ತು ಅಂದ. ಅವ್ವ ಆಗ ಸಣ್ಣ ಹುಡುಗಿ, ಗಾಡಿಯಲ್ಲಿ ಕೂತಿದ್ದಳು. ಸೋದರತ್ತೆ ಮೂಟೆ ಇಳಿಸೋಕೆ ಬಿಟ್ಟಳಂತೆ. ಒಳಗೆ ಬಾ ಅನ್ನಲಿಲ್ಲವಂತೆ.

ಇದನ್ನ ಅವ್ವ ನನಗೆ ಹಿಂದೆ ಯಾವತ್ತೂ ಹೇಳಿರಲಿಲ್ಲ. ಸಿನಿಮಾ ನಿಲ್ಲಿಸಿ ಕೇಳಿಸಿಕೊಂಡೆ. ಆಮೇಲೆ ಮತ್ತೆ ಹಾಕು ಅಂದಳು.

ಖೊನೊನ್ ದಿನಾ ಉಪವಾಸ. ಕಬ್ಬಾಲಾ ಅನ್ನುವ ಗುಪ್ತ ವಿದ್ಯೆಯ ಪುಸ್ತಕಗಳಲ್ಲಿ ಮುಳುಗಿ ಹೋಗಿದ್ದಾನೆ. ದೇವರನ್ನ ಕೇಳಿದ್ದು ಸಾಕು ಅಂತ ಸೈತಾನನನ್ನೇ ಕರೆಯುತ್ತಾನೆ. ಲೇಯಾಳ ನಿಶ್ಚಯ ಆಯಿತು ಅನ್ನೋ ಸುದ್ದಿ ಕಿವಿಗೆ ಬಿದ್ದ ಕ್ಷಣ ಸತ್ತು ಬೀಳುತ್ತಾನೆ. ಈ ಭಾಗದಲ್ಲಿ ನಟನೆ ಸ್ವಲ್ಪ ಜೋರು. ಕಣ್ಣು ಅಗಲ, ಕೈ ಮೇಲೆ. ನಾಟಕದ ಕಂಪನಿಯಿಂದ ಬಂದ ನಟರು ಅಂತ ತಿಳಿಯುತ್ತೆ. ಮೊದಲ ಅರ್ಧ ಗಂಟೆಯೂ ನಿಧಾನ. ಪ್ರಾರ್ಥನಾ ಮಂದಿರದ ದೃಶ್ಯಗಳು ಉದ್ದ. ಆದರೆ ಆ ಉದ್ದ ದೃಶ್ಯದಲ್ಲಿ ಹಾಡುವ ದನಿ ಗೆರ್ಶೋನ್ ಸಿರೋಟಾ ಅವರದು. ಆ ಕಾಲದ ದೊಡ್ಡ ಯಹೂದಿ ಗಾಯಕ. ಆ ದನಿಗೆ ನಾನು ಇಡೀ ಸಂಜೆ ಕೊಡೋಕೆ ತಯಾರು.

ಮದುವೆ ದಿನ ಲೇಯಾ ಸ್ಮಶಾನಕ್ಕೆ ಹೋಗುತ್ತಾಳೆ. ಸತ್ತ ತಾಯಿಯನ್ನು ಮದುವೆಗೆ ಕರೆಯೋಕೆ. ಅದು ಅಲ್ಲಿನ ಸಂಪ್ರದಾಯ. ಅವ್ವ ತಲೆ ಆಡಿಸಿದಳು. “ನಾವೂ ಕರೀತೀವಲ್ಲ. ಇರೀಕ್ರಿಗೆ ಬಟ್ಟೆ ಇಕ್ಕಿ ಎಡೆ ಆಕ್ದೆ ಯಾವ ಮದ್ವೆ ಮಾಡಿದ್ದೀವಿ?” ನಿಜ. ನನ್ನ ಮದುವೆಯ ಹಿಂದಿನ ದಿನವೂ ಮೊದಲ ಎಡೆ ಹೋದವರಿಗೇ. ಲೇಯಾ ತಾಯಿಯನ್ನು ಕರೆದ ಮೇಲೆ ಇನ್ನೊಬ್ಬರನ್ನೂ ಕರೆಯುತ್ತಾಳೆ, ಖೊನೊನ್‌ನನ್ನ. ಊರ ಮಧ್ಯೆ ಇನ್ನೊಂದು ಸಮಾಧಿ ಇದೆ. 1648ರಲ್ಲಿ ಉಕ್ರೇನಿನ ದಂಗೆಯ ನಾಯಕ ಖ್ಮೆಲ್ನಿಟ್ಸ್ಕಿಯ ಕೊಸಾಕ್ ಸೈನಿಕರು ನುಗ್ಗಿದಾಗ ಮದುವೆ ಚಪ್ಪರದಡಿಯಲ್ಲೇ ಸತ್ತ ಒಂದು ಜೋಡಿಯದು. ಊರಿನವರು ಮದುವೆ ಆದಾಗಲೆಲ್ಲ ಆ ಸಮಾಧಿಯ ಸುತ್ತ ಕುಣಿಯುತ್ತಾರೆ, ಸತ್ತ ಜೋಡಿಗೂ ಸಂತೋಷವಾಗಲಿ ಅಂತ. ಆ ದೇಶದಲ್ಲಿ ಅಂಥ ಕೊಲೆಗಳು ಎಷ್ಟು ಊರುಗಳಲ್ಲಿ ನಡೆದವೋ.

ಇನ್ನು ಆ ಕುಣಿತ. ಈ ಸಲ ಅದನ್ನ ಹಿಂದೆ ಮುಂದೆ ಮಾಡಿ ನೋಡಿದೆ.

ಸೆಂಡರ್ ಮದುವೆಗೆ ಬಡವರಿಗೆಲ್ಲ ಊಟ ಹಾಕಿಸಿದ್ದಾನೆ. ಮದುಮಗಳು ಬಡವರ ಜೊತೆ ಕುಣಿಯಬೇಕು ಅನ್ನೋದು ಪದ್ಧತಿ. ಕುಂಟರು, ಗೂನು ಬೆನ್ನಿನವರು, ಕುರುಡರು, ಹಲ್ಲಿಲ್ಲದ ಮುದುಕಿಯರು ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ಸುತ್ತಿಸುತ್ತಾರೆ. ಮೊದಮೊದಲು ಸಂಭ್ರಮ. ಸುತ್ತು ಬಿಗಿಯಾಗುತ್ತಾ ಬರುತ್ತೆ. ಬೆರಳುಗಳು ಉದ್ದವಾಗಿ, ಗಂಟು ಗಂಟಾಗಿ ಅವಳ ಬಿಳಿ ಬಟ್ಟೆ ಕಡೆ ಬರುತ್ತವೆ. ಲೇಯಾಳ ಕಣ್ಣು ನೋಡಬೇಕು. ರೆಪ್ಪೆ ಬಡಿಯೋದೇ ಇಲ್ಲ. ಸುಸ್ತಾಗಿ ಬೀಳೋ ಹಾಗಿದ್ದಾಳೆ, ಆದರೂ ಯಾರೂ ಬಿಡುತ್ತಿಲ್ಲ. ಆಗ ಎಲ್ಲರೂ ಹಿಂದೆ ಸರಿಯುತ್ತಾರೆ. ತಲೆಯಿಂದ ಕಾಲವರೆಗೂ ಬಿಳಿ ಹೊದ್ದ ಒಂದು ಆಕೃತಿ ಬರುತ್ತೆ. ಮುಖದ ಜಾಗದಲ್ಲಿ ತಲೆಬುರುಡೆ. ಹೊದ್ದಿರೋದು ಯಹೂದಿ ಗಂಡಸರು ಪ್ರಾರ್ಥನೆಗೆ ಹೊದೆಯುವ ಶಾಲು. ಅವರನ್ನ ಹೂಳುವಾಗಲೂ ಅದನ್ನೇ ಹೊದಿಸೋದು. ಅದು ಮೆಲ್ಲಗೆ ತೋಳು ಚಾಚುತ್ತೆ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಶಾಲು ಅಗಲವಾಗುತ್ತೆ. ಲೇಯಾ ಓಡೋದಿಲ್ಲ. ಅವಳಿಗೆ ಆ ಬುರುಡೆಯಲ್ಲಿ ಖೊನೊನ್ ಮುಖ ಕಾಣುತ್ತೆ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವಳ ಮೈ ಹಗುರಾಗುತ್ತೆ. ತಲೆಯನ್ನ ಅದರ ಎದೆಗೆ ಒರಗಿಸಿ ಕುಣಿಯುತ್ತಾಳೆ. ಹೆದರಿಕೆ ಹುಟ್ಟೋದು ಬುರುಡೆಯಿಂದ ಅನ್ನೋದಕ್ಕಿಂತ, ಅವಳಿಗೆ ಹೆದರಿಕೆ ಆಗದೇ ಇರೋದರಿಂದ.

ಆ ಕುಣಿತವನ್ನ ಹೆಣೆದವರು ಜೂಡಿತ್ ಬೆರ್ಗ್. ಮುಖವಾಡದ ಒಳಗಿರುವವರೂ ಅವರೇ. ಇದು ಗೊತ್ತಾದ ಮೇಲೆ ಆ ಕೈಗಳನ್ನ ನಾನು ಬೇರೆ ಥರ ನೋಡಿದೆ. ಒಬ್ಬ ಹೆಂಗಸು ಸಾವಿನ ವೇಷ ಹಾಕಿ ಇನ್ನೊಬ್ಬ ಹೆಂಗಸನ್ನ ಎಷ್ಟು ಮೃದುವಾಗಿ ಹಿಡಿದುಕೊಂಡಿದ್ದಾಳೆ!

ಚಪ್ಪರದ ಕೆಳಗೆ ಮದುಮಗ ಬಂದು ನಿಲ್ಲುತ್ತಾನೆ. ಅವನೂ ಪಾಪದವನು, ಹೆದರಿಕೊಂಡಿರೋ ಹುಡುಗ. ಲೇಯಾ ಅವನನ್ನ ತಳ್ಳಿ “ನೀನು ನನ್ನ ಗಂಡ ಅಲ್ಲ” ಅಂತ ಕೂಗಿ, ಆ ಹಳೇ ಜೋಡಿಯ ಸಮಾಧಿ ಮೇಲೆ ಬೀಳುತ್ತಾಳೆ. ಆಮೇಲೆ ಅವಳ ಬಾಯಿಂದ ಗಂಡಸಿನ ದನಿ. ಸತ್ತ ಖೊನೊನ್ ಅವಳ ಮೈ ಹೊಕ್ಕಿದ್ದಾನೆ. ಯಹೂದಿ ಜನಪದರು ಡಿಬ್ಬುಕ್ ಅನ್ನೋದು ಇದನ್ನೇ. ಹೋಗಬೇಕಾದ ಕಡೆ ಹೋಗಲಾರದೆ, ಬದುಕಿರುವವರ ಮೈ ಸೇರಿಕೊಳ್ಳುವ ಸತ್ತವರ ಜೀವ.

ಅವ್ವ ಬೆಚ್ಚಲಿಲ್ಲ. ಅವಳು ಇಂಥದ್ದು ಕಣ್ಣಾರೆ ನೋಡಿದ್ದಾಳೆ. ನಾನೂ ಚಿಕ್ಕವಳಿದ್ದಾಗ ನಮ್ಮೂರ ಗುಡಿ ಮುಂದೆ ನೋಡಿದ್ದೇನೆ. ಹೊಸದಾಗಿ ಮದುವೆಯಾಗಿ ಬಂದ ಹೆಂಗಸು, ಕೂದಲು ಬಿಚ್ಚಿ ಕೂತಿದ್ದಾಳೆ. ಪೂಜಾರಪ್ಪ ಬೇವಿನ ಸೊಪ್ಪು ಹಿಡಿದು ಎದುರು ಕೂತಿದ್ದಾರೆ. ಸುತ್ತ ಊರು ನಿಂತಿದೆ. “ಯಾರು ನೀನು? ಯಾವೂರು? ಏನ್ ಬೇಕು ಹೇಳು, ಕೊಡ್ತೀವಿ.” ಅವಳು ಒಂದೊಂದೇ ಹೇಳುತ್ತಾಳೆ. ಹಸಿವಿನ ವಿಷಯ ಬರುತ್ತೆ, ಸೀರೆ ವಿಷಯ ಬರುತ್ತೆ, ತವರಿಗೆ ಕಳಿಸದ ವಿಷಯ ಬರುತ್ತೆ. ಬೇರೆ ದಿನ ಅವಳ ಮಾತನ್ನ ಬಾಯಿ ಮುಚ್ಚು ಅಂತ ತಡೆಯುವ ಅತ್ತೆ ಮಾವ ಅವತ್ತು ಕೈ ಕಟ್ಟಿ ಕೇಳುತ್ತಾರೆ. ಸಿನಿಮಾದಲ್ಲೂ ಲೇಯಾ ಅಷ್ಟು ಹೊತ್ತು ಅಪ್ಪನ ಎದುರು ಒಂದು ಮಾತೂ ಆಡಿದವಳಲ್ಲ. ಬೇಡ ಅಂತ ಗಟ್ಟಿಯಾಗಿ ಹೇಳೋಕೆ ಅವಳಿಗೆ ಸತ್ತವನ ಜೊತೆ ಬೇಕಾಯಿತು. ಅವಳನ್ನ ಬರೀ ಹಿಡಿಸಿಕೊಂಡವಳು ಅಂತ ನಾನು ಒಪ್ಪಲ್ಲ. ಸ್ಮಶಾನಕ್ಕೆ ಹೋಗಿ ಅವನನ್ನ ಕರೆದವಳೇ ಅವಳು.

ಈಗ ಬರೋದು ಆ ನ್ಯಾಯ. ಇದಕ್ಕಾಗಿಯೇ ನಾನು ಇದನ್ನೆಲ್ಲ ಬರೆಯುತ್ತಾ ಇರೋದು.

ಲೇಯಾಳನ್ನ ರೆಬ್ಬೆ ಅಜ್ರಿಯಲ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ವಯಸ್ಸಾದ ಗುರು. ತನ್ನ ಶಕ್ತಿ ಮೇಲೆ ತನಗೇ ನಂಬಿಕೆ ಕಡಿಮೆಯಾಗಿದೆ. ಈ ಪಾತ್ರ ಮಾಡಿದವರು ಅವ್ರೊಮ್ ಮೊರೆವ್‌ಸ್ಕಿ. 1920ರ ನಾಟಕದಲ್ಲೂ ಇದೇ ಪಾತ್ರ ಅವರದ್ದೇ. ಅವರ ಕಣ್ಣ ಕೆಳಗಿನ ಚೀಲಗಳು, ಕುರ್ಚಿಯಿಂದ ಏಳುವಾಗ ತೆಗೆದುಕೊಳ್ಳುವ ಹೊತ್ತು, ಎಲ್ಲದರಲ್ಲೂ ಆ ದಣಿವು ಇದೆ. ಅವರು ತಕ್ಷಣ ದೆವ್ವ ಬಿಡಿಸೋಕೆ ಕೂರೋದಿಲ್ಲ. ಸತ್ತ ನಿಸ್ಸನ್ ಕನಸಿನಲ್ಲಿ ಬಂದು, ಸೆಂಡರ್ ಮೇಲೆ ದಾವೆ ಹೂಡಬೇಕು ಅಂತ ಕೇಳಿಕೊಂಡಿದ್ದಾನೆ ಅಂತ ತಿಳಿಯುತ್ತೆ. ಸರಿ, ಮೊದಲು ಆ ದಾವೆ ಮುಗಿಯಲಿ.

ಕೋಣೆಯಲ್ಲಿ ಒಂದು ಮೂಲೆಗೆ ಬಟ್ಟೆಯ ಪರದೆ ಕಟ್ಟುತ್ತಾರೆ. ಸತ್ತವನು ಅದರ ಹಿಂದೆ ಬಂದು ನಿಲ್ಲಬೇಕು. ಈಚೆ ಕಡೆ ಸೆಂಡರ್. ನಡುವೆ ನ್ಯಾಯ ಹೇಳುವವರು. ಸ್ಮಶಾನಕ್ಕೆ ಆಳು ಕಳಿಸಿ ನಿಸ್ಸನ್‌ಗೆ ಬರಹೇಳುತ್ತಾರೆ. ಕ್ಯಾಮೆರಾ ಆ ಪರದೆ ಮೇಲೆ ನಿಲ್ಲುತ್ತೆ. ಏನೂ ಆಗೋದಿಲ್ಲ. ಬಟ್ಟೆ, ಅದರ ಮಡಿಕೆ, ಮೇಣದಬತ್ತಿ ಬೆಳಕು, ಅಷ್ಟೇ. ನಾನು ಅವ್ವ ಇಬ್ಬರೂ ಉಸಿರು ಹಿಡಿದುಕೊಂಡಿದ್ದೆವು. ರಕ್ತ ಇಲ್ಲ, ಕಿರುಚಾಟ ಇಲ್ಲ. ಒಂದು ಬಟ್ಟೆಯ ಹಿಂದೆ ಹಕ್ಕು ಕೇಳೋಕೆ ಒಬ್ಬ ಬಂದು ನಿಂತಿದ್ದಾನೆ ಅನ್ನುವ ಅರಿವು.

ನಿಸ್ಸನ್ ಕಡೆಯ ದೂರು ಏನು? ಸೆಂಡರ್ ಮಾತು ಮುರಿದ. ಅದರಿಂದ ನನ್ನ ಮಗ ಸತ್ತ. ಇನ್ನು ನನ್ನ ವಂಶ ಇಲ್ಲ. ನನಗಾಗಿ ಪ್ರಾರ್ಥನೆ ಹೇಳೋಕೆ ಭೂಮಿ ಮೇಲೆ ಯಾರೂ ಉಳಿದಿಲ್ಲ.

ಅವ್ವ ಇದನ್ನ ನನಗಿಂತ ಮೊದಲೇ ಹೇಳಿದಳು. “ಎಡೆ ಇಕ್ಕಕೆ ಯಾರೂ ಇಲ್ದಂಗಾಯ್ತಲ್ಲ ಅವ್ನಿಗೆ.” ಅವಳ ದನಿ ಇಳಿದಿತ್ತು. ಮಾರಲಮಿ ಹಬ್ಬಕ್ಕೆ ಯಾರ ಯಾರ ಹೆಸರಲ್ಲಿ ಎಡೆ ಹಾಕಬೇಕು ಅನ್ನೋ ಪಟ್ಟಿ ನಮ್ಮ ಮನೆಯಲ್ಲಿ ಅವಳ ಬಾಯಲ್ಲೇ ಇರೋದು. ಮಕ್ಕಳಿಲ್ಲದೆ ಹೋದವರ ಹೆಸರನ್ನೂ ಅವಳು ಬಿಡೋದಿಲ್ಲ.

ತೀರ್ಪು ಹೀಗೆ. ಇನ್ನೂ ಈ ಲೋಕಕ್ಕೆ ಬರದಿರುವುದರ ಮೇಲೆ ಕೊಟ್ಟ ಮಾತು ಶಾಸ್ತ್ರದ ಪ್ರಕಾರ ಕಟ್ಟುವುದಿಲ್ಲ. ಆದರೂ ಸೆಂಡರ್ ತನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡಬೇಕು. ಬದುಕಿರುವವರೆಗೆ ಪ್ರತಿ ವರ್ಷ ನಿಸ್ಸನ್ ಮತ್ತು ಖೊನೊನ್ ಸತ್ತ ದಿನ ದೀಪ ಹಚ್ಚಿ, ಸ್ವಂತ ಮನೆಯವರು ಅನ್ನುವಂತೆ ಪ್ರಾರ್ಥನೆ ಹೇಳಬೇಕು. ಸೆಂಡರ್ ಒಪ್ಪುತ್ತಾನೆ. ನ್ಯಾಯ ಹೇಳಿದವರು ಪರದೆ ಕಡೆ ತಿರುಗಿ, ಕ್ಷಮಿಸಿದೆಯಾ ಅಂತ ಕೇಳುತ್ತಾರೆ. ಆ ಕಡೆಯಿಂದ ಉತ್ತರ ಬರೋದಿಲ್ಲ.

“ಬರಲ್ಲ,” ಅಂದಳು ಅವ್ವ. “ಅರ್ಧ ಆಸ್ತಿ ಯಾರ್ಗೆ ಬೇಕು? ಒಳೀಕೆ ಬಾ ಅಂತ ನಮ್ಮತ್ತೆನೂ ಅನ್ನಿಲ್ಲ.”

ಆಮೇಲೆ ಡಿಬ್ಬುಕ್ ಬಿಡಿಸುವ ಕಾರ್ಯ. ಬಿಳಿ ಬಟ್ಟೆ ತೊಟ್ಟ ಗಂಡಸರು, ಕರಿ ಮೇಣದಬತ್ತಿ, ಟಗರಿನ ಕೊಂಬು ಊದುವ ಸದ್ದು. ರೆಬ್ಬೆ ಆ ಜೀವಕ್ಕೆ ಬಹಿಷ್ಕಾರ ಹಾಕುತ್ತಾರೆ. ಇದೂ ನನ್ನನ್ನ ಬಹಳ ಹೊತ್ತು ಕಾಡಿತು. ಬಹಿಷ್ಕಾರ ಹಾಕಬೇಕಾದರೆ ಅವನು ಅಲ್ಲಿವರೆಗೂ ಅದೇ ಜನರೊಳಗಿನವನು ಅಂತಾಯಿತು. ಸತ್ತಿದ್ದರೂ ಅವನ ಹೆಸರು ಊರ ಲೆಕ್ಕದಲ್ಲಿ ಇತ್ತು. ಅದಕ್ಕೇ ಇರಬೇಕು, ಬಿಟ್ಟು ಹೋಗು ಅಂತ ಹೇಳುವಾಗ ರೆಬ್ಬೆ ಮುಖದಲ್ಲಿ ಗೆದ್ದ ಖುಷಿ ಇಲ್ಲ. ಖೊನೊನ್ ಹೋಗುತ್ತಾನೆ. ಬಿಟ್ಟು ಹೋದವನನ್ನ ಲೇಯಾ ಬಿಡೋದಿಲ್ಲ. ಅವನ ದನಿ ಹಿಡಿದುಕೊಂಡು ಅವಳೂ ಆಚೆ ಹೊರಟುಬಿಡುತ್ತಾಳೆ. ಬದುಕಿರುವವರು ಕೊಟ್ಟ ತೀರ್ಪು ಅವರಿಬ್ಬರಿಗೂ ಸಾಲದೇ ಹೋಯಿತು.

ಸಿನಿಮಾ ಮುಗಿದ ಮೇಲೆ ತೆರೆ ಮೇಲಿದ್ದವರೆಲ್ಲ ಏನಾದರು ಅಂತ ಹುಡುಕಿದೆ. ಹೊರಗಿನ ದೃಶ್ಯಗಳನ್ನ ತೆಗೆದದ್ದು ವಿಸ್ಟುಲಾ ನದಿ ದಡದ ಕಜಿಮೆಜ್ ಡೋಲ್ನಿ ಅನ್ನುವ ಊರಲ್ಲಿ. ಆಗ ಅಲ್ಲಿ ಯಹೂದಿಗಳು ತುಂಬಿದ್ದರು. 1939ರಲ್ಲಿ ಹಿಟ್ಲರನ ಸೇನೆ ಪೋಲೆಂಡಿಗೆ ನುಗ್ಗಿತು. ಚಿತ್ರಕತೆ ಬರೆದ ಇಬ್ಬರಲ್ಲಿ ಆಲ್ಟರ್ ಕಾಟ್ಸಿಜ್ನೆ ಅನ್‌ಸ್ಕಿಯ ಸ್ನೇಹಿತ, ಒಳ್ಳೇ ಛಾಯಾಗ್ರಾಹಕ. 1941ರಲ್ಲಿ ಟಾರ್ನೊಪೋಲ್ ಊರಲ್ಲಿ ಅವರನ್ನ ಹೊಡೆದು ಕೊಂದರು. ಇನ್ನೊಬ್ಬರು ಆಂದ್ಜೆ ಮರೆಕ್. ಅವರೂ ಯುದ್ಧ ದಾಟಲಿಲ್ಲ. ಸಂದೇಶ ತರುವವನ ಪಾತ್ರ ಮಾಡಿದ ಐಸಾಕ್ ಸಾಂಬರ್ಗ್‌ರನ್ನ 1943ರಲ್ಲಿ ನಾಜಿಗಳು ಕೊಂದರು. ಆ ದೊಡ್ಡ ಗಾಯಕ ಸಿರೋಟಾ ಸತ್ತದ್ದು ಅದೇ ವರ್ಷ, ನಾಜಿಗಳು ಯಹೂದಿಗಳನ್ನ ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿ. ಲೇಯಾ ಆಗಿದ್ದ ಲಿಲಿ ಲಿಲಿಯಾನಾ, ಖೊನೊನ್ ಆಗಿದ್ದ ಲಿಯೊನ್ ಲೀಬ್‌ಗೋಲ್ಡ್ ನಿಜ ಜೀವನದಲ್ಲಿ ಗಂಡ ಹೆಂಡತಿ. ಅವರು ಅಮೆರಿಕಕ್ಕೆ ಹೋಗಿದ್ದರಿಂದ ಉಳಿದುಕೊಂಡರು. ಇದನ್ನ ಅವ್ವನಿಗೆ ಹೇಳಿದಾಗ ಅವಳಿಗೆ ಎಷ್ಟು ಸಮಾಧಾನ ಆಯಿತು ಅಂದರೆ, ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ನಿರ್ದೇಶಕ ಮಿಹಾವ್ ವಾಶಿನ್‌ಸ್ಕಿಯ ಕತೆಯೇ ಇನ್ನೊಂದು ಸಿನಿಮಾ. ಹುಟ್ಟಿದ್ದು ವೊಲ್ಹೀನಿಯಾದ ಕೊವೆಲ್‌ನಲ್ಲಿ, ಯಹೂದಿ ಮನೆಯಲ್ಲಿ, ಮೋಷೆ ವಾಕ್ಸ್ ಅಂತ. ಆಮೇಲೆ ಹೆಸರು ಬದಲಾಯಿಸಿದ, ಕ್ಯಾಥೊಲಿಕ್ ಆದ. 1930ರ ದಶಕದಲ್ಲಿ ಪೋಲಿಷ್ ಭಾಷೆಯಲ್ಲಿ ಹಾಸ್ಯ, ಪ್ರೇಮ, ಸಂಗೀತ ಅಂತ ಒಂದರ ಹಿಂದೆ ಒಂದು ಸಿನಿಮಾ ಮಾಡಿದ. ಯುದ್ಧದಲ್ಲಿ ಪೋಲಿಷ್ ಸೈನ್ಯದ ಜೊತೆ ಇಟಲಿ ತಲುಪಿ ಮಾಂಟೆ ಕಸಿನೊ ಕದನ ಚಿತ್ರೀಕರಿಸಿದ. ಕೊನೆಗೆ ಸ್ಪೇನಿನಲ್ಲಿ ದೊಡ್ಡ ದೊಡ್ಡ ಹಾಲಿವುಡ್ ಸಿನಿಮಾಗಳ ನಿರ್ಮಾಣದಲ್ಲಿ ಕೆಲಸ ಮಾಡುತ್ತಾ, ರಾಜಮನೆತನದವನು ಅಂತ ಹೇಳಿಕೊಂಡು ಬದುಕಿ, 1965ರಲ್ಲಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ. ಹುಟ್ಟಿದ ಮನೆಯನ್ನ ಅಷ್ಟು ದೂರ ಬಿಟ್ಟು ಹೋದವನು, ಆ ಮನೆಯ ಭಾಷೆಯಲ್ಲಿ, ಆ ಸೀಮೆಯ ಕತೆಯನ್ನ ಹೀಗೆ ತೆಗೆದಿದ್ದಾನೆ. ಅವನ ಬೇರೆ ಕೆಲಸ ಯಾವುದೂ ಇದರ ಹತ್ತಿರ ಬರಲ್ಲ ಅಂತ ನೋಡಿದವರೇ ಹೇಳುತ್ತಾರೆ. ನನಗೆ ಆಶ್ಚರ್ಯ ಆಗಲಿಲ್ಲ.

ಈಗ ನೋಡೋಕೆ ಸಿಗುವ ಒಳ್ಳೇ ಪ್ರತಿ ಅಮೆರಿಕದ ನ್ಯಾಷನಲ್ ಸೆಂಟರ್ ಫಾರ್ ಜ್ಯೂಯಿಶ್ ಫಿಲ್ಮ್ ಅನ್ನುವ ಸಂಸ್ಥೆ ಜೋಪಾನ ಮಾಡಿ ಸರಿಪಡಿಸಿದ್ದು. ಸಬ್‌ಟೈಟಲ್ ಗಡ್ಡದ ಮೇಲೆ ಬಂದರೂ ಓದಬಹುದು. ಎರಡು ಗಂಟೆ ಹತ್ತಿರದ ಸಿನಿಮಾ. ಮೊಬೈಲಲ್ಲಿ ನೋಡಬೇಡಿ. ಆ ಪರದೆಯ ದೃಶ್ಯಕ್ಕೆ ದೊಡ್ಡ ತೆರೆ, ಕತ್ತಲೆ ಕೋಣೆ ಬೇಕು. ಸಾಧ್ಯ ಆದರೆ ಮನೆಯ ಹಿರಿಯರೊಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೆ ನಮ್ಮ ಭಾಷೆಯಲ್ಲಿ ಹೇಳುತ್ತಾ ಹೋಗಿ.

ನಾನು ಅವತ್ತಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆಯುತ್ತಿದ್ದೇನೆ. ಅನ್‌ಸ್ಕಿ ಕೇಳಿದ ಥರದವು, ಆದರೆ ನಮ್ಮ ಸೀಮೆಗೆ ಹೊಂದುವಂಥವು. ನಿಮ್ಮೂರಲ್ಲಿ ಹುಟ್ಟದ ಮಗುವಿನ ಮೇಲೆ ಮದುವೆ ಮಾತು ಆಡಿದ್ದುಂಟಾ? ಮಾತು ಮುರಿದರೆ ತಪ್ಪುಕಾಣಿಕೆ ಯಾರ ಮುಂದೆ ಇಡುತ್ತಿದ್ದರು? ಮದುವೆಗೆ ಮುಂಚೆ ಸತ್ತವರನ್ನ ಹೆಸರು ಹಿಡಿದು ಕರೆಯುತ್ತಿದ್ದರಾ, ಕರೆಯುವವರು ಯಾರು? ಮೈಮೇಲೆ ಬಂದವರನ್ನ ಮೊದಲು ಕೇಳುತ್ತಿದ್ದ ಪ್ರಶ್ನೆ ಏನು? ಮಕ್ಕಳಿಲ್ಲದೆ ಹೋದವರಿಗೆ ಎಡೆ ಇಡುವವರು ಯಾರು? ಮೊದಲ ಉತ್ತರಗಳು ಅವ್ವನವು, ಬರೆದುಕೊಂಡಿದ್ದೇನೆ. ಮುಂದಿನ ವಾರ ಅವ್ವನ ಜೊತೆ ಊರಿಗೆ ಹೋಗುತ್ತಿದ್ದೇನೆ. ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ. ದನಿ ಹಿಡಿಯೋಕೆ ಫೋನ್ ಸಾಕು.